ನೆನಪಿನ ಋಣ

ಧಾರವಾಡ ಜಿಲ್ಲೆಯ ಅಣ್ಣಿಗೇರಿಯು ಬಹು ಪ್ರಾಚೀನವಾದ ಊರು. ಚಾಲುಕ್ಯರ ಕಾಲದ ಅಮೃತೇಶ್ವರ ದೇವಾಲಯವು ಆ ಊರಿನ ಹಿರಿಮೆಯನ್ನು ಸಾರುತ್ತ ಇಂದಿಗೂ ನಿಂತಿದೆ. ಕನ್ನಡದ ಆದಿಕವಿ ಪಂಪನ ತಾಯಿ ಅಬ್ಬಣಬ್ಬೆಯ ಮನೆತನವು ಅಣ್ಣಿಗೇರಿಯದು. ಸಾವಿರ ವರ್ಷಗಳ ಹಿಂದೆ ಬಾಳಿದ ಒಬ್ಬ ಗೃಹಿಣಿಯ ಹೆಸರೂ ಅವಳ ಮನೆತನದ ಊರೂ ಇಂದಿನ ವಿದ್ಯಾರ್ಥಿಗೆ ತಿಳಿದಿರುವುದು ಹೇಗೆ? ಪಂಪನ ತಮ್ಮನಾದ ಜಿನವಲ್ಲಭನು ಅದನ್ನು ಈಗಿನ ತೆಲಂಗಾಣದಲ್ಲಿರುವ ಕುರಿಕ್ಯಾಲದ ಬಂಡೆಯೊಂದರ ಮೇಲೆ ಬರೆಯಿಸಿದನು. ಬರೆಯಿಸಿದುದರಿಂದ ಅದು ಉಳಿಯಿತು.

ಅದೇ ಅಣ್ಣಿಗೇರಿಯಲ್ಲಿ 2010ನೆಯ ಇಸವಿಯ ಆಗಸ್ಟ್ ತಿಂಗಳಲ್ಲಿ ಚರಂಡಿಗಾಗಿ ನೆಲವನ್ನು ಅಗೆಯುತ್ತಿದ್ದಾಗ ಮನುಷ್ಯರ ತಲೆಬುರುಡೆಗಳು ಕಾಣಿಸಿಕೊಂಡವು. ಅಗೆದಂತೆಲ್ಲ ಅವುಗಳ ಸಂಖ್ಯೆ ಹೆಚ್ಚುತ್ತ ಹೋಯಿತು. ಒಂದರ ಪಕ್ಕದಲ್ಲೊಂದು ಜೋಡಿಸಿಟ್ಟಂತೆ ನೂರಾರು ಬುರುಡೆಗಳು ಅಲ್ಲಿದ್ದವು. ಪುರಾತತ್ವ ಇಲಾಖೆಯವರು ಬಂದು ಎಚ್ಚರಿಕೆಯಿಂದ ಉತ್ಖನನ ನಡೆಸಿದರು. ಬುರುಡೆಗಳ ಮಾದರಿಗಳನ್ನು ಪ್ರಯೋಗಾಲಯಗಳಿಗೆ ಕಳುಹಿಸಿ, ಅವುಗಳ ಕಾಲವನ್ನು ತಿಳಿಯಲು ಯತ್ನಿಸಿದರು. ಪರೀಕ್ಷೆಗಳ ಫಲಿತಾಂಶಗಳು ಒಂದಕ್ಕೊಂದು ಹೊಂದಿಕೊಳ್ಳಲಿಲ್ಲ. ಎರಡು ಶತಮಾನಗಳ ಹಿಂದಿನ ಭೀಕರ ಬರಗಾಲದಲ್ಲಿ ಸತ್ತವರ ಬುರುಡೆಗಳು ಇವೆಂದು ಕೆಲವರು ಹೇಳಿದರು. ಯಾವುದೋ ಯುದ್ಧದ ಹತ್ಯಾಕಾಂಡಕ್ಕೆ ಬಲಿಯಾದವರವು ಎಂದು ಮತ್ತೆ ಕೆಲವರು ಊಹಿಸಿದರು.

ಇಷ್ಟೊಂದು ಜನ ಒಂದೇ ಊರಿನ ಮಣ್ಣಿನಲ್ಲಿ ಮಲಗಿದ್ದರೂ ಅವರ ಕತೆಯನ್ನು ಖಚಿತವಾಗಿ ಹೇಳಬಲ್ಲ ಒಂದು ಸಾಲಿನ ಬರಹವೂ ದೊರೆಯಲಿಲ್ಲ. ಅವರ ಮರಣವನ್ನು ಕಂಡವರು ಯಾರೂ ಇರಲಿಲ್ಲವೆಂದು ಹೇಳಲಾಗದು. ಕಂಡವರು ಇದ್ದಿರಬೇಕು, ಅತ್ತವರೂ ಇದ್ದಿರಬೇಕು. ಆ ಬುರುಡೆಗಳನ್ನು ಸಾಲಾಗಿ ಇಟ್ಟ ಕೈಗಳಂತೂ ಇದ್ದೇ ಇದ್ದವು. ಆದರೆ ಕಂಡುದನ್ನು ಅವರು ಬರೆಯಲಿಲ್ಲ, ಇಲ್ಲವೇ ಬರೆದುದು ಉಳಿಯಲಿಲ್ಲ. ಹೇಳಿದುದನ್ನು ಕೇಳಿದವರು ಮುಂದಿನವರಿಗೆ ಹೇಳಲಿಲ್ಲ. ಹೀಗೆ ಒಂದು ಮಹಾದುರಂತವು ಸಂಪೂರ್ಣವಾಗಿ ಮರೆತುಹೋಯಿತು.

ದೇಶಕ್ಕೆ ಒದಗಿದ ದುರಂತವನ್ನು ದೇಶದ ಚರಿತ್ರೆಕಾರರು ಬರೆದಿಡುತ್ತಾರೆ, ಸಾಮಾನ್ಯರ ನೆನಪುಗಳಿಗೆ ಅಲ್ಲಿ ಏನು ಕೆಲಸ ಎಂದು ಅನೇಕರು ಭಾವಿಸುತ್ತಾರೆ. ಅಣ್ಣಿಗೇರಿಯ ನಿದರ್ಶನವು ಆ ಭಾವನೆಯನ್ನು ಮತ್ತೊಮ್ಮೆ ಪರಿಶೀಲಿಸುವಂತೆ ಮಾಡುತ್ತದೆ. ದುರಂತವನ್ನು ಬದುಕಿ ದಾಟಿದ ಪ್ರತಿಯೊಬ್ಬನ ಮೇಲೂ ಒಂದು ಋಣವುಂಟು. ತಾನು ಕಂಡುದನ್ನು ಸತ್ಯಕ್ಕೆ ಚ್ಯುತಿಯಿಲ್ಲದಂತೆ ಮುಂದಿನವರಿಗೆ ತಲುಪಿಸುವುದೇ ಆ ಋಣ. ಅದನ್ನು ತೀರಿಸುವ ಸರದಿ ಈಗ ಶಾಲೆಯಲ್ಲಿ ಓದುತ್ತಿರುವ ತಲೆಮಾರಿಗೂ ಬಂದಿದೆ.

ಧಾರವಾಡದ ಕಪ್ಪು ನೆಲವು ಹಿಂದೆ ಹಲವು ಸಂಕಟಗಳನ್ನು ಕಂಡಿದೆ. 1791-92ರಲ್ಲಿ ದಕ್ಷಿಣ ಭಾರತದ ಬಹುಭಾಗವನ್ನು ಆವರಿಸಿದ ಬರವನ್ನು ‘ಡೋಗಿ ಬರ’ ಎಂದು ಕರೆಯುವರು. ಸತ್ತವರನ್ನು ಹೂಳುವವರೂ ಸುಡುವವರೂ ಇಲ್ಲದೆ ತಲೆಬುರುಡೆಗಳು ಬಯಲಿನಲ್ಲಿ ಬಿದ್ದಿದ್ದುದರಿಂದ ಅದಕ್ಕೆ ಬುರುಡೆಗಳ ಬರವೆಂಬ ಹೆಸರು ಬಂದಿತು. ಮಳೆಯ ಅಭಾವದೊಡನೆ ಆ ಕಾಲದ ಸೈನ್ಯಗಳ ಹಾವಳಿಯೂ ಸೇರಿ ಜನರ ಬದುಕು ನುಚ್ಚುನೂರಾಯಿತು. ಬರದ ಹೆಸರು ಉಳಿದಿದೆ. ಅದನ್ನು ಅನುಭವಿಸಿದ ಒಂದು ಕುಟುಂಬದ ಕತೆಯಾದರೂ ಉಳಿದಿರುವುದು ಅಪರೂಪ.

ಅನಂತರ 1876ರಿಂದ 1878ರವರೆಗೆ ಮದರಾಸು, ಮುಂಬಯಿ, ಮೈಸೂರು ಮತ್ತು ಹೈದರಾಬಾದು ಪ್ರಾಂತಗಳಲ್ಲಿ ಮಹಾಕ್ಷಾಮ ತಲೆದೋರಿತು. ಅದು ಧಾತು ಮತ್ತು ಈಶ್ವರ ಸಂವತ್ಸರಗಳಲ್ಲಿ ಸಂಭವಿಸಿದುದರಿಂದ ಕನ್ನಡಿಗರು ಅದನ್ನು ಸಂವತ್ಸರದ ಹೆಸರಿನಿಂದಲೇ ಗುರುತಿಸಿದರು. ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಧಾರವಾಡ ಜಿಲ್ಲೆಯಲ್ಲಿ 1872ರ ಜನಗಣತಿಯ ಪ್ರಕಾರ ಸುಮಾರು 9 ಲಕ್ಷ 88 ಸಾವಿರ ಜನರಿದ್ದರು. 1881ರ ಗಣತಿಯಲ್ಲಿ ಆ ಸಂಖ್ಯೆ ಸುಮಾರು 8 ಲಕ್ಷ 83 ಸಾವಿರಕ್ಕೆ ಇಳಿದಿತ್ತು. ಒಂಬತ್ತು ವರ್ಷಗಳಲ್ಲಿ ಜನಸಂಖ್ಯೆ ಬೆಳೆಯುವ ಬದಲು ಒಂದು ಲಕ್ಷಕ್ಕೂ ಮಿಗಿಲಾಗಿ ಕುಗ್ಗಿತು. ಜನರು ಹಸಿವಿನಿಂದ ಸಾಯುತ್ತಿದ್ದ ಆ ದಿನಗಳಲ್ಲಿಯೇ, 1877ರ ಜನವರಿ 1ರಂದು, ವೈಸರಾಯ್ ಲಿಟ್ಟನ್ನನು ದಿಲ್ಲಿಯಲ್ಲಿ ವೈಭವದ ದರ್ಬಾರು ನಡೆಸಿ ವಿಕ್ಟೋರಿಯಾ ರಾಣಿಯನ್ನು ಭಾರತದ ಚಕ್ರವರ್ತಿನಿಯೆಂದು ಘೋಷಿಸಿದನು.

ಈ ಅಂಕಿಗಳು ಸರಕಾರದ ಕಡತಗಳಲ್ಲಿ ಭದ್ರವಾಗಿವೆ. ಅವು ಅಗತ್ಯವಾದವು, ಅವುಗಳಿಲ್ಲದಿದ್ದರೆ ದುರಂತದ ಗಾತ್ರವೇ ತಿಳಿಯುತ್ತಿರಲಿಲ್ಲ. ಆದರೆ ಮನೆಯಲ್ಲಿ ಉಳಿದ ಕೊನೆಯ ಹಿಡಿ ಜೋಳವನ್ನು ತಾಯಿಯು ಯಾವ ಮಗುವಿಗೆ ಕೊಟ್ಟಳು, ಬಿತ್ತನೆಗೆಂದು ಇಟ್ಟ ಬೀಜವನ್ನು ಬೇಯಿಸಿ ಉಣ್ಣಬೇಕಾಗಿ ಬಂದಾಗ ಒಕ್ಕಲಿಗನ ಮನಸ್ಸು ಹೇಗಾಯಿತು, ಎತ್ತುಗಳ ಹಗ್ಗವನ್ನು ಬಿಚ್ಚಿ ಅವನ್ನು ಬಯಲಿಗೆ ಬಿಟ್ಟವನು ಮನೆಗೆ ಹೇಗೆ ಹಿಂದಿರುಗಿದನು, ಇವನ್ನು ಯಾವ ಅಂಕಿಯೂ ಹೇಳಲಾರದು. ಇವುಗಳನ್ನು ಹೇಳಬಲ್ಲವರು ಅನುಭವಿಸಿದವರು ಮಾತ್ರ.

ಬಯಲುಸೀಮೆಯ ಜನ ತಮ್ಮ ನೆನಪನ್ನು ಸಂಪೂರ್ಣವಾಗಿ ಕೈಬಿಡಲಿಲ್ಲವೆಂಬುದೂ ನಿಜ. ಅವರು ಅದನ್ನು ನಡತೆಯಲ್ಲಿ ಉಳಿಸಿಕೊಂಡರು. ನೆಲದಲ್ಲಿ ಹಗೇವು ತೋಡಿ ಜೋಳವನ್ನು ವರ್ಷಗಳ ಕಾಲ ಕಾಪಾಡುವ ಪದ್ಧತಿ, ಕಣದಲ್ಲಿ ಚೆಲ್ಲಿದ ಕಾಳನ್ನು ಆರಿಸುವ ತಾಳ್ಮೆ, ತಟ್ಟೆಯಲ್ಲಿ ಅನ್ನ ಬಿಡಬಾರದೆಂಬ ಅಜ್ಜಿಯ ಗದರಿಕೆ, ಇವೆಲ್ಲದರ ಹಿಂದೆ ಬರಗಾಲದ ಅನುಭವ ಅಡಗಿದೆ. ಆದರೆ ನಡತೆಯು ಕಾರಣವನ್ನು ಹೇಳುವುದಿಲ್ಲ. ಕಾರಣ ಮರೆತ ಮೇಲೆ ನಡತೆಯೂ ಕ್ರಮೇಣ ಜಾರಿಹೋಗುತ್ತದೆ. ಹಗೇವುಗಳು ಮುಚ್ಚಿಹೋದವು, ಅಜ್ಜಿಯ ಗದರಿಕೆಯನ್ನು ಹಳೆಯ ಕಾಲದ ಜಿಪುಣತನವೆಂದು ಮೊಮ್ಮಕ್ಕಳು ನಕ್ಕರು.

ಇದಕ್ಕಿಂತಲೂ ವಿಸ್ಮಯಕರವಾದ ಮರೆವಿಗೆ 1918ರ ಇನ್‌ಫ್ಲುಯೆಂಜಾ ಜ್ವರವು ಸಾಕ್ಷಿಯಾಗಿದೆ. ಮೊದಲನೆಯ ಮಹಾಯುದ್ಧದ ಕೊನೆಯ ವರ್ಷದಲ್ಲಿ ಹಡಗುಗಳ ಮೂಲಕ ಮುಂಬಯಿಯನ್ನು ಮುಟ್ಟಿದ ಆ ಜ್ವರವು ರೈಲು ಹಾದಿಗಳನ್ನು ಹಿಡಿದು ಒಳನಾಡಿಗೆ ವ್ಯಾಪಿಸಿತು. ಅದೇ ವರ್ಷ ಮುಂಗಾರು ಕೈಕೊಟ್ಟುದರಿಂದ ಜನರು ಮೊದಲೇ ನಿತ್ರಾಣರಾಗಿದ್ದರು. ಸೆಪ್ಟೆಂಬರಿನಿಂದ ಮೂರು ನಾಲ್ಕು ತಿಂಗಳುಗಳಲ್ಲಿ ಅದು ಮಾಡಿದ ಹಾನಿಗೆ ಎಣೆಯಿರಲಿಲ್ಲ. ಭಾರತವೊಂದರಲ್ಲಿಯೇ ಒಂದು ಕೋಟಿಗೂ ಹೆಚ್ಚು ಜನ ಸತ್ತರೆಂದು ವಿದ್ವಾಂಸರು ಲೆಕ್ಕ ಹಾಕಿದ್ದಾರೆ. 1911ರಿಂದ 1921ರವರೆಗಿನ ದಶಕದಲ್ಲಿ ಇಂದಿನ ಭಾರತದ ಗಡಿಯೊಳಗಿನ ಜನಸಂಖ್ಯೆ ಇಳಿಮುಖವಾದುದಕ್ಕೆ ಈ ಜ್ವರವೇ ಮುಖ್ಯ ಕಾರಣ.

ಇಷ್ಟಾಗಿಯೂ ಇದರ ನೆನಪು ಹಳ್ಳಿಗಳಲ್ಲಿ ಎಷ್ಟು ಉಳಿದಿದೆ? ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಬಂದ ಪ್ಲೇಗಿನ ನೆನಪಾದರೂ ಒಂದಷ್ಟು ಉಳಿಯಿತು. ಇಲಿ ಬಿದ್ದ ಕೂಡಲೆ ಜನ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು ಬಾಳಿದರು. ಕರ್ನಾಟಕದ ಕೆಲವೆಡೆ ಪ್ಲೇಗಮ್ಮನೆಂಬ ದೇವತೆಯ ಗುಡಿಗಳೂ ಎದ್ದವು. ಇನ್‌ಫ್ಲುಯೆಂಜಾ ಜ್ವರಕ್ಕೆ ಅಂತಹ ಗುಡಿಯೂ ಇಲ್ಲ, ಕತೆಯೂ ವಿರಳ. ಅದು ಕೆಲವೇ ವಾರಗಳಲ್ಲಿ ಬಂದು ಹೋಯಿತು. ಮನೆಮಂದಿಯೆಲ್ಲ ಒಟ್ಟಿಗೆ ಮಲಗಿದುದರಿಂದ ನೋಡಿ ನೆನಪಿಡುವವರೇ ಇರಲಿಲ್ಲ. ನೂರಕ್ಕೆ ಹತ್ತು ಜನರಿಗೂ ಓದುಬರಹ ಬಾರದ ಕಾಲವಾದುದರಿಂದ ಬರೆದಿಡುವವರು ಇನ್ನೂ ವಿರಳರಾಗಿದ್ದರು. ಎರಡು ತಲೆಮಾರುಗಳು ಕಳೆಯುವಷ್ಟರಲ್ಲಿ ಕೋಟಿ ಜನರ ಮರಣವು ಪುಸ್ತಕದ ಒಂದು ಸಾಲಾಗಿ ಉಳಿಯಿತು.

ಆ ಕತ್ತಲೆಯಲ್ಲಿ ಬೆಳಗುವ ಕೆಲವು ಹಣತೆಗಳಲ್ಲಿ ಹಿಂದಿಯ ಪ್ರಸಿದ್ಧ ಕವಿ ಸೂರ್ಯಕಾಂತ ತ್ರಿಪಾಠಿ ‘ನಿರಾಲಾ’ ಅವರ ನೆನಪು ಒಂದು. 1918ರಲ್ಲಿ ಅವರು ಇಪ್ಪತ್ತು ವರ್ಷ ದಾಟಿದ ತರುಣರು. ಆ ಜ್ವರವು ಅವರ ಪತ್ನಿಯನ್ನೂ ಕುಟುಂಬದ ಇತರ ಕೆಲವರನ್ನೂ ಬಲಿ ತೆಗೆದುಕೊಂಡಿತು. ಗಂಗೆಯ ತುಂಬ ಹೆಣಗಳನ್ನು ಕಂಡ ಆ ದಿನಗಳನ್ನು ಅವರು ಎರಡು ದಶಕಗಳ ಅನಂತರ ತಮ್ಮ ‘ಕುಲ್ಲೀ ಭಾಟ್’ ಎಂಬ ಗ್ರಂಥದಲ್ಲಿ ಸ್ಮರಿಸಿದರು. ಅದರಲ್ಲಿ ಅವರು ದೇಶದ ಲೆಕ್ಕವನ್ನು ಕೊಡಲಿಲ್ಲ. ತಮ್ಮ ಮನೆಯ ಕತೆಯನ್ನು ಹೇಳಿದರು. ನೂರು ವರ್ಷಗಳ ಮೇಲೆ ಚರಿತ್ರೆಕಾರರು ಆ ಜ್ವರದ ವಿಷಯ ಬರೆಯಬೇಕಾದಾಗ ಆ ಒಂದು ಮನೆಯ ಕತೆಯನ್ನೇ ಮತ್ತೆ ಮತ್ತೆ ಆಶ್ರಯಿಸಬೇಕಾಯಿತು. ನವಲಗುಂದದ ಒಬ್ಬ ರೈತನಾಗಲಿ ಕುಂದಗೋಳದ ಒಬ್ಬ ಮುದುಕಿಯಾಗಲಿ ತನ್ನ ಮನೆಯ ಕತೆಯನ್ನು ಯಾರಿಂದಲಾದರೂ ಬರೆಯಿಸಿದ್ದರೆ ಅದಕ್ಕೂ ಅಷ್ಟೇ ಬೆಲೆ ಬರುತ್ತಿತ್ತು.

ಒಂದು ಶತಮಾನದ ಬಳಿಕ ಅಂತಹುದೇ ಇನ್ನೊಂದು ವಿಪತ್ತು ದೇಶಕ್ಕೆ ಬಂದಿತು. 2020ರ ಮಾರ್ಚ್ ತಿಂಗಳಲ್ಲಿ ಕೊರೋನಾ ರೋಗದಿಂದ ಭಾರತದಲ್ಲಿ ಸಂಭವಿಸಿದ ಮೊದಲ ಮರಣವು ಕರ್ನಾಟಕದ ಕಲಬುರಗಿಯದಾಗಿತ್ತು. ಅದೇ ತಿಂಗಳ 25ರಂದು ದೇಶವೆಲ್ಲ ಬಾಗಿಲು ಮುಚ್ಚಿತು. ಅಂದು ಯುಗಾದಿ. ಕನ್ನಡ ನಾಡಿನ ಮನೆಮನೆಯಲ್ಲಿಯೂ ಬೇವುಬೆಲ್ಲ ಹಂಚಬೇಕಾದ ದಿನ. ಅಂದು ಪ್ರಾರಂಭವಾದ ಸಂವತ್ಸರದ ಹೆಸರು ಶಾರ್ವರಿ, ಶಾರ್ವರಿಯೆಂದರೆ ರಾತ್ರಿ. ಹೊಸ ವರ್ಷದ ಮೊದಲ ದಿನವೇ ನೆರೆಯವನು ನೆರೆಯವನ ಮನೆಗೆ ಹೋಗಲು ಹೆದರಿದನು.

ಧಾರವಾಡದ ಹಳ್ಳಿಗಳು ಆ ದಿನಗಳನ್ನು ತಮ್ಮದೇ ರೀತಿಯಲ್ಲಿ ಅನುಭವಿಸಿದವು. ಕುಂದಗೋಳದ ಕಡೆಯ ಮೆಣಸಿನಕಾಯಿಗೆ, ನವಲಗುಂದದ ಕಡಲೆಗೆ, ಕಲಘಟಗಿಯ ಮಾವಿಗೆ ಸಂತೆ ಪೇಟೆಗಳು ಎಂದಿನಂತೆ ತೆರೆಯಲಿಲ್ಲ. ಗೋವೆ, ಮಂಗಳೂರು, ಬೆಂಗಳೂರುಗಳಿಗೆ ದುಡಿಯಲು ಹೋಗಿದ್ದವರು ಬಸ್ಸು ರೈಲುಗಳಿಲ್ಲದೆ ಸಿಕ್ಕಿಬಿದ್ದರು. ಕೆಲವರು ತಲೆಯ ಮೇಲೆ ಗಂಟು ಹೊತ್ತು ಕಾಲ್ನಡಿಗೆಯಿಂದಲೇ ಊರ ದಾರಿ ಹಿಡಿದರು. ರಾಜ್ಯದ ಅನೇಕ ಹಳ್ಳಿಗಳ ಜನ ಭಯದಿಂದ ತಮ್ಮ ಊರಿನ ದಾರಿಗೆ ಮುಳ್ಳು ಹಚ್ಚಿದರು. ಹೊರಗಿನಿಂದ ಬಂದವನು ತನ್ನದೇ ಊರಿನ ಅಗಸೆಯ ಹೊರಗೆ ನಿಲ್ಲಬೇಕಾಯಿತು. ಮತ್ತೆ ಅಂತಹವರಿಗೆ ಬುತ್ತಿ ಕಟ್ಟಿ ತಂದು ಕೊಟ್ಟವರೂ ಅದೇ ಹಳ್ಳಿಗಳವರೇ. ಆಶಾ ಕಾರ್ಯಕರ್ತೆಯರು ತಮ್ಮ ಮನೆಯಲ್ಲಿಯೂ ಮಕ್ಕಳಿದ್ದಾರೆಂಬುದನ್ನು ಬದಿಗಿಟ್ಟು ಮನೆಮನೆ ತಿರುಗಿ ಜ್ವರ ಬಂದವರ ಪಟ್ಟಿ ಮಾಡಿದರು.

ಶಾಲೆಗಳು ಮುಚ್ಚಿದವು. ಆ ವರ್ಷದ ಆಗಸ್ಟಿನಿಂದ ಕೆಲವು ಕಾಲ ‘ವಿದ್ಯಾಗಮ’ ಎಂಬ ಯೋಜನೆಯಂತೆ ಗುರುಗಳೇ ಮಕ್ಕಳಿದ್ದಲ್ಲಿಗೆ ಹೋಗಿ ಗುಡಿಯ ಕಟ್ಟೆಯ ಮೇಲೆ, ಮರದ ನೆರಳಿನಲ್ಲಿ ಪಾಠ ಹೇಳಿದರು. ಅಕ್ಟೋಬರಿನಲ್ಲಿ ಅದನ್ನೂ ನಿಲ್ಲಿಸಬೇಕಾಯಿತು. ಮೊಬೈಲು ಇದ್ದ ಮನೆಯ ಮಗುವಿಗೆ ಪಾಠ ಸಿಕ್ಕಿತು. ಇಲ್ಲದ ಮನೆಯ ಮಗು ಕುರಿಯ ಹಿಂದೆ, ಕಳೆ ಕೀಳುವವರ ಹಿಂದೆ ಹೊಲಕ್ಕೆ ಹೋಯಿತು. ಒಂದರಿಂದ ಐದನೆಯ ತರಗತಿಯವರೆಗಿನ ಮಕ್ಕಳಿಗೆ ಕರ್ನಾಟಕದಲ್ಲಿ ಶಾಲೆಯ ಬಾಗಿಲು ಪುನಃ ತೆರೆದುದು 2021ರ ಅಕ್ಟೋಬರ್ 25ರಂದು. ಹತ್ತೊಂಬತ್ತು ತಿಂಗಳು ಮಕ್ಕಳ ಬದುಕಿನಲ್ಲಿ ಅಲ್ಪಕಾಲವಲ್ಲ. ಆ ಕಾಲದಲ್ಲಿ ಓದು ಬಿಟ್ಟು ಮತ್ತೆ ಶಾಲೆಗೆ ಬಾರದೆ ಹೋದ ಗೆಳೆಯರು ಹಲವು ತರಗತಿಗಳಲ್ಲಿದ್ದರು.

2021ರ ಬೇಸಗೆಯಲ್ಲಿ ಬಂದ ಎರಡನೆಯ ಅಲೆಯು ಮೊದಲನೆಯದಕ್ಕಿಂತ ಕ್ರೂರವಾಗಿತ್ತು. ಮೊದಲ ಬಾರಿಗೆ ಬಹುಮಟ್ಟಿಗೆ ನಗರಗಳಲ್ಲಿ ಸುಳಿದಾಡಿದ ರೋಗವು ಈಗ ಹಳ್ಳಿಗಳಿಗೂ ನುಗ್ಗಿತು. ಸುತ್ತಮುತ್ತಲಿನ ರೋಗಿಗಳನ್ನು ಹುಬ್ಬಳ್ಳಿ ಧಾರವಾಡಗಳ ಆಸ್ಪತ್ರೆಗಳಿಗೆ ಸಾಗಿಸಲಾಯಿತು. ದೇಶದಾದ್ಯಂತ ಹಾಸಿಗೆಗಾಗಿ, ಆಮ್ಲಜನಕಕ್ಕಾಗಿ ಹಾಹಾಕಾರವೆದ್ದಿತು. ತಂದೆಯ ಮುಖವನ್ನು ಕೊನೆಯ ಬಾರಿ ನೋಡಲಾಗದ ಮಕ್ಕಳು, ಮಗನ ಚಿತೆಯ ಬಳಿ ನಿಲ್ಲಲಾಗದ ತಾಯಂದಿರು ಎಷ್ಟೋ ಜನ. ಸಾವು ಬಂದ ಮನೆಗೆ ಊರೇ ನೆರೆಯುವುದು, ನೆಂಟರು ಬಂದು ಗಂಟಲ ಕಟ್ಟಿ ಅಳುವುದು, ನೆರೆಯವರು ಅಡಿಗೆ ಮಾಡಿ ತಂದು ಉಣಿಸುವುದು ಈ ನಾಡಿನ ಹಳ್ಳಿಗಳ ಸಂಪ್ರದಾಯ. ಆ ಸಂಪ್ರದಾಯವನ್ನೇ ರೋಗವು ಕಸಿದುಕೊಂಡಿತು. ದುಃಖವನ್ನು ಹಂಚಿಕೊಳ್ಳಲು ಅವಕಾಶವಿಲ್ಲದ ದುಃಖವು ಎಲ್ಲಕ್ಕಿಂತ ಭಾರವಾದುದು.

ಆಗ ಕೆಳಗಿನ ತರಗತಿಗಳಲ್ಲಿದ್ದ ಮಕ್ಕಳು ಈಗ ಪ್ರೌಢಶಾಲೆಯನ್ನು ಸೇರಿದ್ದಾರೆ. ಅವರು ಆ ಕಾಲದ ಸಾಕ್ಷಿಗಳು. ಅವರಿಗೆ ನೆನಪಿರುವುದು ದೊಡ್ಡ ಸಂಗತಿಗಳಾಗಿರಲಿಕ್ಕಿಲ್ಲ. ಅಪ್ಪನ ಮುಖದಲ್ಲಿ ಮೊದಲ ಬಾರಿಗೆ ಕಂಡ ಅಂಜಿಕೆ, ಬಾಗಿಲ ಹೊರಗೆ ಇಟ್ಟ ಅಜ್ಜನ ತಟ್ಟೆ, ಪಕ್ಕದ ಮನೆಯ ಗೆಳೆಯನೊಡನೆ ಗೋಡೆಯಾಚೆಯಿಂದ ಆಡಿದ ಮಾತು, ನಿಂತುಹೋದ ಜಾತ್ರೆಯ ತೇರು, ಇಂತಹವೇ ಇರಬಹುದು. ಇವು ಸಣ್ಣವೆಂದು ಯಾರೂ ತಿಳಿಯಬಾರದು. ಮುಂದೆ ಎಂಬತ್ತು ವರ್ಷಗಳ ಮೇಲೆ ಆ ಕಾಲವನ್ನು ತಿಳಿಯಬಯಸುವವನಿಗೆ ಸರಕಾರದ ಆದೇಶಗಳು ಹೇಗೂ ದೊರೆಯುತ್ತವೆ. ಬಾಗಿಲ ಹೊರಗಿಟ್ಟ ತಟ್ಟೆಯ ಕತೆಯು, ಕಂಡವನು ಬರೆದಿಡದಿದ್ದರೆ, ಎಲ್ಲಿಯೂ ದೊರೆಯಲಾರದು.

ನೋವನ್ನು ಮರೆಯುವುದೇ ಲೇಸಲ್ಲವೆ ಎಂದು ಕೆಲವರು ಕೇಳುತ್ತಾರೆ. ಮರೆವು ದೇವರು ಕೊಟ್ಟ ವರವೆಂದು ಹಿರಿಯರೂ ಹೇಳಿದ್ದಾರೆ. ಆ ಮಾತಿನಲ್ಲಿ ಸತ್ಯವಿಲ್ಲದೆ ಇಲ್ಲ. ಮಗನನ್ನು ಕಳೆದುಕೊಂಡ ತಾಯಿಯು ಪ್ರತಿದಿನವೂ ಅದೇ ತೀವ್ರತೆಯಿಂದ ಅಳುತ್ತಿದ್ದರೆ ಬದುಕಲಾರಳು. ಅವಳಿಗೆ ಮರೆವು ಬೇಕು, ಮೌನವೂ ಬೇಕು. ಹೇಳಲೊಲ್ಲದವರನ್ನು ಕೆದಕಿ ಕೇಳುವುದು ಅಮಾನುಷ. ಆದರೆ ನೋವಿನ ಹರಿತ ಕಡಿಮೆಯಾಗುವುದು ಬೇರೆ, ನಡೆದುದೇ ಅಳಿಸಿಹೋಗುವುದು ಬೇರೆ. ಗಾಯವು ಮಾಯಬೇಕು, ಗಾಯವಾದುದು ಹೇಗೆಂಬ ತಿಳಿವಳಿಕೆ ಉಳಿಯಬೇಕು. ಎಷ್ಟೋ ವೇಳೆ, ಕೇಳುವವರು ದೊರೆತು ಮನಸ್ಸಿನ ಮಾತನ್ನು ಹೇಳಿಕೊಂಡ ಮೇಲೆಯೇ ನೊಂದವರ ಎದೆ ಹಗುರಾಗುತ್ತದೆ.

ಇನ್ನೊಂದು ಆಕ್ಷೇಪಣೆಯೂ ಉಂಟು. ಮನುಷ್ಯನ ನೆನಪು ನಂಬಲರ್ಹವಲ್ಲ. ಅದು ಕಾಲಗಳನ್ನು ಬೆರೆಸುತ್ತದೆ, ಕೇಳಿದುದನ್ನು ಕಂಡುದೆಂದು ಭ್ರಮಿಸುತ್ತದೆ, ತನ್ನವರನ್ನು ಒಳ್ಳೆಯವರನ್ನಾಗಿಯೂ ಪರರನ್ನು ಕೆಟ್ಟವರನ್ನಾಗಿಯೂ ಚಿತ್ರಿಸುತ್ತದೆ ಎಂಬುದು ಆ ಆಕ್ಷೇಪಣೆ. ಇದನ್ನು ಅಲ್ಲಗಳೆಯಲಾಗದು. ಆದುದರಿಂದಲೇ ನೆನಪನ್ನು ಬರೆಯುವುದಕ್ಕೆ ಒಂದು ಶಿಸ್ತು ಬೇಕು. ಸ್ವತಃ ಕಂಡುದು ಯಾವುದು, ಇತರರಿಂದ ಕೇಳಿದುದು ಯಾವುದು ಎಂಬುದನ್ನು ಬೇರೆ ಬೇರೆಯಾಗಿ ಹೇಳಬೇಕು. ದಿನಾಂಕ ತಿಳಿಯದಿದ್ದರೆ ಹಬ್ಬವನ್ನೋ ಬಿತ್ತನೆಯನ್ನೋ ಸುಗ್ಗಿಯನ್ನೋ ಗುರುತಾಗಿ ಹೇಳಬಹುದು. ಹಿಂದಿನವರು ಸಂವತ್ಸರಗಳ ಹೆಸರಿನಿಂದ ಹಾಗೆಯೇ ಮಾಡಿದರು. ನೆನಪಿಗೆ ಬಾರದುದನ್ನು ಕಲ್ಪನೆಯಿಂದ ತುಂಬಬಾರದು. ಇತರರ ಮಾನಕ್ಕೆ ಕುಂದು ಬರುವ ಕಡೆ ಹೆಸರನ್ನು ಬಿಟ್ಟು ಸಂಗತಿಯನ್ನಷ್ಟೇ ಹೇಳಿದರೆ ಸಾಕು.

ಈ ಶಿಸ್ತಿನಲ್ಲಿ ಎಲ್ಲಕ್ಕಿಂತ ಕಠಿನವಾದುದು ಒಂದುಂಟು. ಅದು ತನ್ನ ಊರಿನ, ತನ್ನ ಮನೆಯ, ತನ್ನದೇ ತಪ್ಪನ್ನು ಮರೆಮಾಡದಿರುವುದು. ಬುತ್ತಿ ಕೊಟ್ಟ ಕತೆಯನ್ನು ಎಲ್ಲರೂ ಸಂತೋಷದಿಂದ ಹೇಳುತ್ತಾರೆ. ದಾರಿಗೆ ಮುಳ್ಳು ಹಚ್ಚಿದ ಕತೆಯನ್ನು ಯಾರೂ ಹೇಳಲೊಲ್ಲರು. ಎರಡನ್ನೂ ಬರೆದಾಗ ಮಾತ್ರ ಆ ಕಾಲದ ಚಿತ್ರವು ಪೂರ್ಣವಾದೀತು. ಭಯವು ಸಜ್ಜನರನ್ನೂ ಎಂತಹ ಕೆಲಸಕ್ಕೆ ಇಳಿಸುತ್ತದೆ ಎಂಬುದನ್ನು ತಿಳಿದವರು ಮುಂದಿನ ಭಯದ ದಿನಗಳಲ್ಲಿ ತುಸು ಎಚ್ಚರದಿಂದ ನಡೆದುಕೊಂಡಾರು. ಒಳ್ಳೆಯದನ್ನಷ್ಟೇ ಉಳಿಸಿಕೊಂಡ ನೆನಪು ಹೊಗಳಿಕೆಯಾಗುತ್ತದೆ. ಅದರಿಂದ ಪಾಠ ದೊರೆಯಲಾರದು.

ಕೋಟ್ಯಂತರ ಜನರ ದೇಶದಲ್ಲಿ ಒಬ್ಬ ವಿದ್ಯಾರ್ಥಿಯ ನೆನಪಿಗೆ ಎಷ್ಟು ತೂಕವೆಂದೂ ಕೇಳಬಹುದು. ಕೊರೋನಾ ರೋಗದಿಂದ ಭಾರತದಲ್ಲಿ ಸತ್ತವರು ಸುಮಾರು 5 ಲಕ್ಷ 30 ಸಾವಿರ ಜನ ಎಂದು ಸರಕಾರದ ಲೆಕ್ಕ ಹೇಳುತ್ತದೆ. 2020 ಮತ್ತು 2021ರ ಎರಡು ವರ್ಷಗಳಲ್ಲಿ ಆ ವಿಪತ್ತಿನ ಕಾರಣದಿಂದ ಸಂಭವಿಸಿದ ಹೆಚ್ಚುವರಿ ಮರಣಗಳು ಸುಮಾರು 47 ಲಕ್ಷವೆಂದು ವಿಶ್ವ ಆರೋಗ್ಯ ಸಂಸ್ಥೆಯು 2022ರಲ್ಲಿ ಅಂದಾಜು ಮಾಡಿತು. ಭಾರತ ಸರಕಾರವು ಆ ಲೆಕ್ಕದ ಕ್ರಮವನ್ನು ಒಪ್ಪಲಿಲ್ಲ. ದೊಡ್ಡ ಲೆಕ್ಕಗಳ ನಡುವೆ ಇಷ್ಟು ಅಂತರವಿರುವಾಗ ವಿವಾದಕ್ಕೆ ಸಿಲುಕದೆ ಉಳಿಯುವುದು ಒಂದೊಂದು ಮನೆಯ ಸತ್ಯ. ಈ ಮನೆಯಲ್ಲಿ ಇಂತಹ ದಿನ ಇಂತಹವರು ತೀರಿಕೊಂಡರು, ಹೀಗೆ ತೀರಿಕೊಂಡರು ಎಂಬುದನ್ನು ಕಂಡವನು ಹೇಳಿದರೆ ಅದನ್ನು ಇಲ್ಲವೆನ್ನುವವರು ಯಾರು?

ಬರೆದಿಟ್ಟ ಸಂಕಟವು ಮುಂದಿನವರಿಗೆ ಉಪಕಾರ ಮಾಡಿದ ನಿದರ್ಶನವೂ ಇದೆ. 1876-78ರ ಕ್ಷಾಮದ ತರುವಾಯ ಕ್ಷಾಮ ಆಯೋಗವೊಂದು ದೇಶದ ನಾನಾ ಭಾಗಗಳಿಂದ ಸಾಕ್ಷ್ಯಗಳನ್ನು ಸಂಗ್ರಹಿಸಿ 1880ರಲ್ಲಿ ವರದಿ ಸಲ್ಲಿಸಿತು. ಅದರ ಆಧಾರದ ಮೇಲೆ ಕ್ಷಾಮ ಸಂಹಿತೆ ರೂಪುಗೊಂಡಿತು. ಬರದ ಮೊದಲ ಚಿಹ್ನೆಗಳನ್ನು ಗುರುತಿಸುವುದು ಹೇಗೆ, ಕೆಲಸ ಮಾಡಬಲ್ಲವರಿಗೆ ಕಾಮಗಾರಿಯನ್ನು, ಮಾಡಲಾರದವರಿಗೆ ಅನ್ನವನ್ನು ಒದಗಿಸುವುದು ಹೇಗೆ ಎಂಬುದನ್ನು ಅದು ವಿಧಿಸಿತು. ಪರಕೀಯರ ಆ ಆಡಳಿತದಲ್ಲಿ ಅದರ ಆಚರಣೆಯು ಎಷ್ಟೋ ಸಲ ಕೃಪಣವಾಗಿತ್ತು. ಆದರೂ ಅನಂತರದ ಬರಪರಿಹಾರ ಕಾರ್ಯಗಳಿಗೆ ಅದೇ ತಳಹದಿಯಾಯಿತು. ಸತ್ತವರನ್ನು ಆ ಬರಹವು ಬದುಕಿಸಲಿಲ್ಲ. ಮುಂದೆ ಸಾಯಬಹುದಾಗಿದ್ದ ಕೆಲವರನ್ನಾದರೂ ಉಳಿಸಿತು.

1918ರ ವಿಷಯದಲ್ಲಿ ಹಾಗಾಗಲಿಲ್ಲ. ಬಾಯಿ ಮೂಗುಗಳಿಗೆ ಬಟ್ಟೆ ಕಟ್ಟಿಕೊಳ್ಳಬೇಕು, ಗುಂಪು ಸೇರಬಾರದು, ಮೊದಲ ಅಲೆ ಇಳಿದಾಗ ಮೈಮರೆಯಬಾರದು, ಎರಡನೆಯ ಅಲೆಯು ಹೆಚ್ಚು ಘಾತಕವಾಗಬಹುದು ಎಂಬುವೆಲ್ಲ ಆಗಲೇ ಜಗತ್ತು ಅನುಭವದಿಂದ ಕಲಿತ ಪಾಠಗಳು. ಅವು ವೈದ್ಯರ ಗ್ರಂಥಗಳಲ್ಲಿ ಉಳಿದವು. ಮನೆಗಳ ನೆನಪಿನಿಂದ ಮಾಯವಾದವು. ಮುತ್ತಜ್ಜನ ಕಾಲದಲ್ಲಿ ಜ್ವರವು ಒಮ್ಮೆ ಇಳಿದು ಮತ್ತೆ ಉಕ್ಕಿ ಬಂದಿತ್ತೆಂಬ ಒಂದು ಮಾತು ಮನೆಮನೆಯಲ್ಲಿ ಉಳಿದಿದ್ದರೆ, 2021ರ ಆರಂಭದಲ್ಲಿ ರೋಗ ಇಳಿಮುಖವಾದಾಗ ಜನರು ಇನ್ನಷ್ಟು ಜಾಗರೂಕರಾಗಿರುತ್ತಿದ್ದರೋ ಏನೋ.

ಈ ನಾಡಿನ ಹಳ್ಳಿಗಳ ಗುಡಿಯ ಮುಂದೆ, ಕೆರೆಯ ದಂಡೆಯಲ್ಲಿ ವೀರಗಲ್ಲುಗಳು ನಿಂತಿವೆ. ತುರುಗಳನ್ನು ಬಿಡಿಸುವುದಕ್ಕಾಗಿ, ಊರನ್ನು ಕಾಯುವುದಕ್ಕಾಗಿ ಕಾದಿ ಮಡಿದವರನ್ನು ಹಿಂದಿನವರು ಕಲ್ಲಿನಲ್ಲಿ ಸ್ಮರಿಸಿದರು. ಅದು ಸ್ತುತ್ಯವಾದ ಕಾರ್ಯ. ಆದರೆ ಹಸಿವಿನಿಂದ ಸತ್ತವರಿಗೆ, ರೋಗದಿಂದ ಸತ್ತವರಿಗೆ, ಅವರ ಬಾಯಿಗೆ ನೀರು ಬಿಟ್ಟು ತಾವೂ ಸತ್ತವರಿಗೆ ಅಂತಹ ಕಲ್ಲು ನಿಲ್ಲಲಿಲ್ಲ. ಕಲ್ಲು ಕೆತ್ತಿಸುವ ಶಕ್ತಿ ಅಂದಿನ ಬಡವರಿಗೆ ಇರಲಿಲ್ಲ. ಅಕ್ಷರವೂ ಅವರ ಕೈಯಲ್ಲಿರಲಿಲ್ಲ. ಇಂದು ಹಳ್ಳಿಯ ಪ್ರತಿಯೊಂದು ಮನೆಯ ಮಗುವಿಗೂ ಅಕ್ಷರ ದೊರೆಯುವ ಅವಕಾಶವುಂಟು. ಒಂದು ದಸ್ತೆ ಕಾಗದವು ವೀರಗಲ್ಲಿನ ಕೆಲಸವನ್ನು ಮಾಡಬಲ್ಲುದು.

ಆದುದರಿಂದ ಪ್ರತಿಯೊಂದು ಶಾಲೆಯಲ್ಲಿಯೂ ಇಂತಹ ಒಂದು ನೆನಪಿನ ಪುಸ್ತಕ ಸಿದ್ಧವಾಗುವುದು ಯೋಗ್ಯ. ವಿದ್ಯಾರ್ಥಿಗಳು ತಾವು ಕಂಡ ಎರಡು ವರ್ಷಗಳ ಸಂಗತಿಯನ್ನು ಸರಳವಾದ ಮಾತುಗಳಲ್ಲಿ ಅದರಲ್ಲಿ ಬರೆಯಬಹುದು. ಊರಿನ ಹಿರಿಯರ ಬಳಿ ಕುಳಿತು ಅವರು ಕಂಡ ಬರ, ನೆರೆ, ಬೇನೆಗಳ ವೃತ್ತಾಂತವನ್ನು ಅವರದೇ ನುಡಿಯಲ್ಲಿ ಬರೆದುಕೊಳ್ಳಬಹುದು. ಹಿರಿಯರು ದಿನೇ ದಿನೇ ಕಡಿಮೆಯಾಗುತ್ತಿದ್ದಾರೆ. ಕೇಳುವ ಕೆಲಸವನ್ನು ನಾಳೆಗೆ ನೂಕುವಂತಿಲ್ಲ. ಬರೆಯುವವನು ದೊಡ್ಡ ಲೇಖಕನಾಗಿರಬೇಕಾಗಿಲ್ಲ. ಅಲಂಕಾರದ ಮಾತು ಅಲ್ಲಿ ಬೇಕಾಗಿಲ್ಲ. ಕಂಡುದನ್ನು ಕಂಡಂತೆ ಹೇಳುವ ಮನಸ್ಸಿದ್ದರೆ ಸಾಕು.

ಅಣ್ಣಿಗೇರಿಯ ಮಣ್ಣು ಇವೆರಡನ್ನೂ ತೋರಿಸಿಕೊಟ್ಟಿದೆ. ತಾಯಿಯ ಹೆಸರನ್ನು ಒಬ್ಬ ಮಗನು ಬರೆಯಿಸಿದುದರಿಂದ ಸಾವಿರ ವರ್ಷಗಳ ಅನಂತರವೂ ಅಬ್ಬಣಬ್ಬೆ ಅಬ್ಬಣಬ್ಬೆಯಾಗಿಯೇ ಉಳಿದಿದ್ದಾಳೆ. ಬರೆಯುವವರಿಲ್ಲದೆ ಹೋದುದರಿಂದ ಅದೇ ಊರಿನ ನೂರಾರು ಜನರು ಬರಿಯ ಬುರುಡೆಗಳಾಗಿ ಉಳಿದರು. ಅವರಲ್ಲಿಯೂ ತಾಯಂದಿರು ಇದ್ದಿರಬೇಕು. ಅವರಿಗೂ ಹೆಸರುಗಳು ಇದ್ದಿರಬೇಕು.